ಚಿಕ್ಕಬಳ್ಳಾಪುರದಂಥ ಊರಿನಲ್ಲಿ ಸಣ್ಣ ಬಂಡವಾಳದ ದಾರದ ವ್ಯಾಪಾರ

ನೂಲಿನ ವ್ಯಾಪಾರ ಆರಂಭಿಸುತ್ತೇನೆಂದು ಚಿಕ್ಕಬಳ್ಳಾಪುರದಲ್ಲಿ ಯಾರಿಗೆ ಹೇಳಿದರೂ ಅವರು ಮೊದಲು ಕೇಳುವುದು ‘ಶಿಡ್ಲಘಟ್ಟದಿಂದ ತರುತ್ತೀರಾ?’ ಎಂದೇ. ರೇಷ್ಮೆಗೂಡಿನ ಮಾರುಕಟ್ಟೆಯೂ ನೂಲು ಬಿಚ್ಚುವ ಘಟಕಗಳೂ ಅಷ್ಟು ಹತ್ತಿರದಲ್ಲಿರುವಾಗ ಅದು ಸಹಜವಾದ ಪ್ರಶ್ನೆ. ಆದರೆ ಮೂವತ್ತು ಸಾವಿರ ರೂಪಾಯಿಯಲ್ಲಿ ವ್ಯಾಪಾರಕ್ಕೆ ಇಳಿಯುವವರು ಅಲ್ಲಿಂದ ಆರಂಭಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಬಿಚ್ಚಾಣಿಕೆಯಿಂದ ಬರುವ ಕಚ್ಚಾ ರೇಷ್ಮೆಯ ತೂಕದಲ್ಲಿ ಸುಮಾರು ಕಾಲು ಭಾಗ ಸೆರಿಸಿನ್ ಎಂಬ ಅಂಟೇ ಇರುತ್ತದೆ. ಅದು ಹುರಿಯಾಗಿ, ಅಂಟು ತೆಗೆದು, ಬಣ್ಣ ಕಂಡ ಮೇಲಷ್ಟೇ ಕೈಕೆಲಸದವರ ಬೆರಳಿಗೆ ಒಗ್ಗುವ ದಾರವಾಗುತ್ತದೆ. ಅದರ ಬೆಲೆ ಗೂಡಿನ ಬೆಲೆಯೊಂದಿಗೆ ದಿನದಿನಕ್ಕೂ ಏರಿಳಿಯುತ್ತದೆ, ಕೊಳ್ಳುವವರು ಹುರಿ ಘಟಕದವರು ಮತ್ತು ನೇಕಾರರು, ಅವರ ಲೆಕ್ಕವೆಲ್ಲ ಕಿಲೋಗಳಲ್ಲಿ. ಅಲ್ಲದೆ ರಾಜ್ಯದಲ್ಲಿ ರೇಷ್ಮೆ ನೂಲಿನ ವಹಿವಾಟು 1959ರ ಕಾಯ್ದೆಯೊಂದರ ನಿಯಂತ್ರಣಕ್ಕೆ ಒಳಪಟ್ಟಿರುವುದರಿಂದ, ರೇಷ್ಮೆ ಇಲಾಖೆಯ ಕಚೇರಿಯಲ್ಲಿ ಪರವಾನಗಿಯ ವಿಷಯ ವಿಚಾರಿಸದೆ ಅದಕ್ಕೆ ಕೈಹಾಕುವಂತಿಲ್ಲ.

ಹಾಗಾದರೆ ನಮ್ಮ ಗಿರಾಕಿ ಯಾರು? ನೂಲು ಎಂದು ಕೇಳಿಕೊಂಡು ಬರುವವರು ನೇಕಾರರು; ಉಳಿದವರೆಲ್ಲರ ಬಾಯಲ್ಲಿ ಅದು ದಾರ. ಈ ದಾರ ಕೊಳ್ಳುವವರಲ್ಲಿ ಸೀರೆಗೆ ಕುಚ್ಚು ಕಟ್ಟುವ ಹೆಂಗಸರದೇ ದೊಡ್ಡ ಗುಂಪು. ಮನೆಗೆಲಸ ಮುಗಿಸಿ, ಸೆರಗನ್ನು ಮಂಚದ ಕಾಲಿಗೋ ಕುರ್ಚಿಗೋ ಬಿಗಿದು ಕುಚ್ಚು ಕಟ್ಟುವವರು ಚಿಕ್ಕಬಳ್ಳಾಪುರ, ಚಿಂತಾಮಣಿ, ಗೌರಿಬಿದನೂರು, ಕೋಲಾರದ ಬಡಾವಣೆಗಳಲ್ಲೆಲ್ಲ ಇದ್ದಾರೆ. ಅವರ ನಂತರ ರವಿಕೆಗೆ ಆರಿ ಕೆಲಸ (ಕೊಕ್ಕೆ ಸೂಜಿಯ ಕಸೂತಿ) ಮಾಡುವವರು, ಕ್ರೋಶಾದಲ್ಲಿ ಚೀಲ, ತೋರಣ, ಮಗುವಿನ ಟೋಪಿ ಹೆಣೆಯುವವರು, ಶಾಲೆಯ ಕರಕುಶಲ ಕೆಲಸಕ್ಕೆ ಉಲ್ಲನ್ ಕೇಳುವ ತಾಯಂದಿರು ಬರುತ್ತಾರೆ. ಇವರೆಲ್ಲರನ್ನೂ ಮೊದಲ ದಿನವೇ ಮೆಚ್ಚಿಸಲು ಹೊರಟರೆ ಹಣ ಸಾಲದು. ಒಂದು ಗುಂಪನ್ನು ಮುಖ್ಯವಾಗಿ ಹಿಡಿದು, ಇನ್ನೊಂದಕ್ಕೆ ಸ್ವಲ್ಪವೇ ಜಾಗ ಕೊಡಬೇಕು. ನಾನು ಕುಚ್ಚಿನವರನ್ನು ಹಿಡಿದೆ, ಈ ಬರಹವೂ ಹೆಚ್ಚಾಗಿ ಅವರನ್ನೇ ಕುರಿತದ್ದು.

ಬಂಡವಾಳ ಸಾಯುವುದು ಬಣ್ಣದಲ್ಲಿ

ದಾರದ ವ್ಯಾಪಾರದಲ್ಲಿ ಹಣ ಕಳೆದುಕೊಂಡವರ ಮನೆಯ ಕಪಾಟು ತೆಗೆದು ನೋಡಿದರೆ ಅಲ್ಲಿ ಕೆಟ್ಟ ದಾರ ಸಿಗುವುದು ಅಪರೂಪ. ಒಳ್ಳೆಯ ದಾರವೇ ಇರುತ್ತದೆ, ಆದರೆ ಯಾರೂ ಕೇಳದ ಬಣ್ಣಗಳಲ್ಲಿ. ಸಗಟು ಅಂಗಡಿಯ ಶೇಡ್ ಕಾರ್ಡ್ (ಬಣ್ಣಗಳ ಮಾದರಿ ಪಟ್ಟಿ) ಬಿಡಿಸಿದ ಕೂಡಲೇ ನೂರಾರು ಬಣ್ಣಗಳು ಕಣ್ಣು ಕುಕ್ಕುತ್ತವೆ, ಎಲ್ಲದರಲ್ಲೂ ಎರಡೆರಡು ಇರಲಿ ಎನ್ನಿಸುತ್ತದೆ. ನಾನು ಮೊದಲ ಸಲ ಬೆಂಗಳೂರಿನ ಚಿಕ್ಕಪೇಟೆಗೆ ಹೋದಾಗ 72 ಬಣ್ಣ ಆರಿಸಿ ತಂದೆ. ಎರಡು ತಿಂಗಳಲ್ಲಿ ಚಿನ್ನದ ಬಣ್ಣ, ಮರೂನ್, ಬಾಟಲ್ ಹಸಿರು, ರಾಣಿ ಪಿಂಕ್ ಪೂರ್ತಿ ಖಾಲಿಯಾದವು. ಅವನ್ನು ಮತ್ತೆ ತರಲು ಕೈಯಲ್ಲಿ ಹಣವಿರಲಿಲ್ಲ. ಹಣವೆಲ್ಲ ತಿಳಿನೇರಳೆ, ಬೂದಿ, ಪಾಚಿ ಬಣ್ಣದ ರೀಲುಗಳಾಗಿ ಡಬ್ಬಿಯಲ್ಲಿ ಕುಳಿತಿತ್ತು. ಗಿರಾಕಿ ಬಂದು ಚಿನ್ನದ ಬಣ್ಣ ಇಲ್ಲವೆಂದು ತಿಳಿದು ಹಿಂತಿರುಗುವುದು ಮತ್ತು ಮಾರಾಟವಾಗದ ಸರಕು ಮನೆ ತುಂಬಿರುವುದು, ಎರಡೂ ಏಕಕಾಲಕ್ಕೆ ನಡೆಯುವುದು ಈ ವ್ಯಾಪಾರದ ವಿಚಿತ್ರ.

ಯಾವ ಬಣ್ಣ ತರಬೇಕೆಂದು ತಿಳಿಯಲು ನನಗೆ ಆಮೇಲೆ ಹೊಳೆದ ಉಪಾಯ ಬಹಳ ಸರಳವಾದದ್ದು. ಪರಿಚಯದ ಮೂವರು ನಾಲ್ವರು ಕುಚ್ಚಿನ ಹೆಂಗಸರಿಗೆ ಒಂದೊಂದು ಚೀಲ ಕೊಟ್ಟು, ಒಂದು ತಿಂಗಳು ಖಾಲಿ ರೀಲುಗಳನ್ನು ಕಸಕ್ಕೆ ಹಾಕದೆ ಅದರಲ್ಲಿ ಹಾಕಿಡಿ ಎಂದು ಕೇಳಿಕೊಳ್ಳಬೇಕು. ತಿಂಗಳ ಕೊನೆಗೆ ಚೀಲ ಸುರಿದು ಎಣಿಸಿದರೆ, ರೀಲಿನ ತಳದ ಚೀಟಿಯಲ್ಲಿರುವ ಬಣ್ಣದ ಸಂಖ್ಯೆಯೇ ನಿಮ್ಮ ಖರೀದಿ ಪಟ್ಟಿಯಾಗುತ್ತದೆ. ಚೀಟಿ ಹರಿದುಹೋಗಿದ್ದರೂ ರೀಲಿಗೆ ಅಂಟಿಕೊಂಡಿರುವ ನಾಲ್ಕೆಳೆ ಸಾಕು. ‘ನಿಮಗೆ ಯಾವ ಬಣ್ಣ ಬೇಕು?’ ಎಂದು ಬಾಯಲ್ಲಿ ಕೇಳಿದರೆ ಎಲ್ಲರೂ ಎಲ್ಲ ಬಣ್ಣವೂ ಬೇಕೆನ್ನುತ್ತಾರೆ. ಖಾಲಿ ರೀಲು ಹಾಗೆ ಹೇಳುವುದಿಲ್ಲ.

ಮೂವತ್ತು ಸಾವಿರವಿದ್ದರೆ ಅದನ್ನು ಹೀಗೆ ಹಂಚಬಹುದು. ಹದಿನೈದು ಸಾವಿರಕ್ಕೆ ಸರಕು, ನಾಲ್ಕು ಸಾವಿರದೊಳಗೆ ತೂಕದ ಯಂತ್ರ, ಉಂಡೆ ಸುತ್ತುವ ಕೈಯಂತ್ರ ಮತ್ತು ಮುಚ್ಚಳದ ಡಬ್ಬಿಗಳು, ಒಂದು ಸಾವಿರಕ್ಕೆ ಚೀಟಿ ಮತ್ತು ಕವರು. ಉಳಿದ ಹತ್ತು ಸಾವಿರವನ್ನು ಮೊದಲ ಖರೀದಿಯ ದಿನ ಮುಟ್ಟಲೇಬಾರದು. ಆ ಹಣ ಖಾಲಿಯಾದ ಬಣ್ಣಗಳನ್ನು ಮರಳಿ ತರಲು ಮೀಸಲು. ಸರಕಿನ ಹದಿನೈದು ಸಾವಿರದಲ್ಲಿ ಹತ್ತು ಸಾವಿರಕ್ಕೆ ಕುಚ್ಚಿನ ದಾರವನ್ನು 24 ಬಣ್ಣಗಳಿಗೆ ಮೀರದಂತೆ ತರಬೇಕು. ಎಲ್ಲ ಬಣ್ಣಕ್ಕೂ ಸಮಪಾಲು ಬೇಡ. ಚಿನ್ನದ ಬಣ್ಣ ಬಹುತೇಕ ಎಲ್ಲ ಸೀರೆಯ ಕುಚ್ಚಿಗೂ ಬೇಕಾಗುವುದರಿಂದ ಅದನ್ನು ಉಳಿದವುಗಳ ನಾಲ್ಕರಷ್ಟು ತಂದರೂ ತಪ್ಪಿಲ್ಲ. ಮಿಕ್ಕ ಐದು ಸಾವಿರಕ್ಕೆ ಎಂಟು ಬಣ್ಣಗಳಲ್ಲಿ ಹತ್ತಿಯ ಕ್ರೋಶಾ ದಾರ ಅಥವಾ ಉಲ್ಲನ್ ಸಾಕು. ಶೇಡ್ ಕಾರ್ಡನ್ನು ಮಾತ್ರ ಪೂರ್ತಿ ಇಟ್ಟುಕೊಳ್ಳಿ. ನಿಮ್ಮಲ್ಲಿಲ್ಲದ ಬಣ್ಣವನ್ನು ಗಿರಾಕಿ ಕಾರ್ಡಿನಲ್ಲಿ ತೋರಿಸಿದರೆ, ಮುಂಗಡ ಪಡೆದು ಮುಂದಿನ ಖರೀದಿಯಲ್ಲಿ ತಂದುಕೊಡಬಹುದು.

ಎಲ್ಲಿಂದ ತರಬೇಕು

ನಮಗೆ ಬೆಂಗಳೂರು ಸುಮಾರು 60 ಕಿ.ಮೀ. ದೂರದಲ್ಲಿದೆ. ಚಿಕ್ಕಪೇಟೆ, ಮಾಮೂಲ್‌ಪೇಟೆಯ ಸಗಟು ಅಂಗಡಿಗಳಲ್ಲಿ ಕುಚ್ಚಿನ ದಾರ, ಮಣಿ, ಜರಿ, ಕ್ರೋಶಾ ಕಡ್ಡಿ ಎಲ್ಲವೂ ಒಂದೇ ಸುತ್ತಿನಲ್ಲಿ ಸಿಗುತ್ತವೆ. 2023ರ ಜೂನ್ 11ರಂದು ಶಕ್ತಿ ಯೋಜನೆ ಬಂದ ಮೇಲೆ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟಿನ ಖರ್ಚಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ದೊಡ್ಡ ಮೂಟೆ ತರುವುದಕ್ಕಿಂತ ಹದಿನೈದು ದಿನಕ್ಕೊಮ್ಮೆ ಕೈಚೀಲದಷ್ಟೇ ತರುವುದು ನಮ್ಮಂಥವರಿಗೆ ಲಾಭ. ದಾರ ಹಗುರ, ಒಂದು ಚೀಲದಲ್ಲಿ ಹತ್ತು ಸಾವಿರದ ಸರಕು ಹಿಡಿಯುತ್ತದೆ.

ಮನೆಯಲ್ಲೇ ಕೋನಿನಿಂದ (ನೂಲು ಸುತ್ತಿ ಬರುವ ದೊಡ್ಡ ಉರುಳೆ) ಲಡಿ ಸುತ್ತಿ ಮಾರುವ ಯೋಚನೆಯಿದ್ದರೆ ಹತ್ತಿ ನೂಲಿಗೆ ತಮಿಳುನಾಡಿನ ಈರೋಡ್, ತಿರುಪ್ಪೂರು ಕಡೆಯ ವ್ಯಾಪಾರಿಗಳು ಪಾರ್ಸಲ್ ಕಳಿಸುತ್ತಾರೆ. ಹೆಣಿಗೆಯ ಉಲ್ಲನ್ ಬಹಳಷ್ಟು ಪಂಜಾಬಿನ ಲೂಧಿಯಾನದಿಂದ ಬರುವಂಥದ್ದು. ನೇರವಾಗಿ ತರಿಸಿದರೆ ಅಗ್ಗವೆಂಬುದು ನಿಜ. ಆದರೆ ಅವರು ಕನಿಷ್ಠ ಇಷ್ಟು ಕಿಲೋ ಎಂಬ ಷರತ್ತು ಹಾಕುತ್ತಾರೆ, ಸಾಗಣೆ ವೆಚ್ಚವೂ ನಮ್ಮದೇ ಆಗುತ್ತದೆ, ಬಣ್ಣ ಒಪ್ಪಿಗೆಯಾಗದಿದ್ದರೆ ಹಿಂತಿರುಗಿಸುವುದು ಕಷ್ಟ. ಮೊದಲ ಆರು ತಿಂಗಳು ಬೆಂಗಳೂರಿನಿಂದಲೇ ತಂದು, ಯಾವ ಬಣ್ಣ ಎಷ್ಟು ಓಡುತ್ತದೆಂಬುದು ಪುಸ್ತಕದಲ್ಲಿ ಕಂಡ ಮೇಲೆ ನೇರ ಖರೀದಿಗೆ ಹೋಗುವುದು ಕ್ಷೇಮ.

ಖರೀದಿಯ ವೇಳೆ ಲಾಟ್ ಸಂಖ್ಯೆಯನ್ನು, ಅಂದರೆ ಒಂದೇ ಸಲ ಬಣ್ಣ ಕಂಡ ದಾರದ ಗುರುತನ್ನು, ನೋಡದೆ ಹಣ ಕೊಡಬೇಡಿ. ಒಂದೇ ಬಣ್ಣ ಸಂಖ್ಯೆಯ ದಾರವಾದರೂ ಬೇರೆ ಬೇರೆ ದಿನ ಬಣ್ಣದ ಕಡಾಯಿಗೆ ಇಳಿದದ್ದಾದರೆ ಛಾಯೆಯಲ್ಲಿ ಕೂದಲೆಳೆಯಷ್ಟು ವ್ಯತ್ಯಾಸ ಬರುತ್ತದೆ. ಡಬ್ಬಿಯಲ್ಲಿ ಅದು ಕಾಣದು, ಸೆರಗಿನ ಉದ್ದಕ್ಕೂ ಅರ್ಧ ಕುಚ್ಚು ಕಟ್ಟಿ ಹೊಸ ರೀಲು ಬಿಚ್ಚಿದಾಗ ಎದ್ದು ಕಾಣುತ್ತದೆ. ಒಂದು ಬಣ್ಣದ ಎಲ್ಲ ರೀಲುಗಳೂ ಒಂದೇ ಲಾಟಿನವು ಎಂದು ಖಚಿತಪಡಿಸಿಕೊಂಡು, ಮಾರುವಾಗಲೂ ಒಂದು ಸೀರೆಗೆ ಒಂದೇ ಲಾಟಿನಿಂದ ಕೊಡಬೇಕು.

ದಾರವನ್ನು ಪರೀಕ್ಷಿಸುವುದು

ಕುಚ್ಚಿನ ಬಳಕೆಯಲ್ಲಿ ‘ಸಿಲ್ಕ್ ದಾರ’ ಎಂದು ಕರೆಯುವುದು ಬಹುಪಾಲು ರೇಷ್ಮೆಯಲ್ಲ, ಮರದ ತಿರುಳಿನಿಂದ ತಯಾರಾಗುವ ವಿಸ್ಕೋಸ್ ರೇಯಾನ್. ಅದರಲ್ಲಿ ತಪ್ಪೇನೂ ಇಲ್ಲ. ಹೊಳಪು ಚೆನ್ನಾಗಿದೆ, ಬೆಲೆ ಕೈಗೆಟಕುತ್ತದೆ. ಆದರೆ ನಿಮ್ಮ ಚೀಟಿಯ ಮೇಲೆ ನೀವೇ ‘ರೇಷ್ಮೆ’ ಎಂದು ಬರೆಯಬೇಡಿ. ಶಿಡ್ಲಘಟ್ಟದ ಮಗ್ಗುಲಲ್ಲಿ ಕುಳಿತು ರೇಯಾನನ್ನು ರೇಷ್ಮೆಯೆಂದು ಮಾರಿದರೆ ಮೊದಲು ಸಿಕ್ಕಿಬೀಳುವವರು ನಾವೇ, ಏಕೆಂದರೆ ಇಲ್ಲಿ ನಾಲ್ಕು ಮನೆಗೊಬ್ಬರಿಗಾದರೂ ರೇಷ್ಮೆಯ ಕೈ ಗುರುತು ಇರುತ್ತದೆ. ಅನುಮಾನವಿದ್ದ ದಾರದ ಎರಡಂಗುಲ ತುಂಡನ್ನು ಇಕ್ಕಳದಲ್ಲಿ ಹಿಡಿದು ಸುಟ್ಟು ನೋಡಬಹುದು. ಹತ್ತಿಯೂ ರೇಯಾನೂ ಕಾಗದ ಸುಟ್ಟ ವಾಸನೆ ಬೀರಿ ಹಗುರ ಬೂದಿಯಾಗುತ್ತವೆ, ರೇಷ್ಮೆಯೂ ಉಣ್ಣೆಯೂ ಕೂದಲು ಸುಟ್ಟ ವಾಸನೆ ಕೊಟ್ಟು ಬೆರಳಲ್ಲಿ ಪುಡಿಯಾಗುವ ಕರಿಯಾಗುತ್ತವೆ, ಪಾಲಿಯೆಸ್ಟರ್ ಮತ್ತು ಅಕ್ರಿಲಿಕ್ ಕರಗಿ ಗಟ್ಟಿ ಗುಂಡಾಗುತ್ತವೆ. ನಮ್ಮ ಅಂಗಡಿಗಳಲ್ಲಿ ‘ಉಲ್ಲನ್’ ಎಂದು ಮಾರುವುದು ಹೆಚ್ಚಾಗಿ ಈ ಅಕ್ರಿಲಿಕ್ಕೇ ಎಂಬುದೂ ಆಗ ತಿಳಿಯುತ್ತದೆ.

ಸುಡುವ ಪರೀಕ್ಷೆಗಿಂತ ಮುಖ್ಯವಾದದ್ದು ಬಣ್ಣ ಬಿಡುವ ಪರೀಕ್ಷೆ. ಅದನ್ನು ನಾನು ಕಲಿತದ್ದು ದಂಡ ತೆತ್ತ ಮೇಲೆ. ಒಬ್ಬ ಸಗಟು ವ್ಯಾಪಾರಿಯ ಬಳಿ ಅಗ್ಗಕ್ಕೆ ಸಿಕ್ಕಿತೆಂದು ಕುಂಕುಮ ಕೆಂಪಿನ ಎರಡು ಡಜನ್ ರೀಲು ತಂದಿದ್ದೆ. ಅದರಲ್ಲಿ ಕಟ್ಟಿದ ಕುಚ್ಚು ಒಂದು ಕೆನೆ ಬಣ್ಣದ ಸೀರೆಗೆ ಹೋಯಿತು, ಸೀರೆ ಒಮ್ಮೆ ನೀರು ಕಂಡಿತು, ಸೆರಗಿನ ಅಂಚಿನಿಂದ ನಾಲ್ಕು ಬೆರಳಗಲಕ್ಕೆ ಗುಲಾಬಿ ಕಲೆ ಹತ್ತಿತು. ಕುಚ್ಚು ಕಟ್ಟಿದ ಅಕ್ಕ ಸೀರೆಯನ್ನು ತಂದು ನನ್ನ ಮುಂದೆ ಹರಡಿ, ಏನೂ ಹೇಳದೆ ಸುಮ್ಮನೆ ನಿಂತರು. ಅರ್ಧ ದಂಡ ನಾನು ಕೊಟ್ಟೆ, ಅರ್ಧ ಅವರು ಕೊಟ್ಟರು. ವ್ಯಾಪಾರಿ ‘ನೀವು ನೋಡಿಯೇ ತಗೊಂಡಿರಲ್ಲ’ ಎಂದು ಮಾತು ಮುಗಿಸಿದ. ಅಂದಿನಿಂದ ಕೆಂಪು, ಮರೂನ್, ಕಡುನೀಲಿ, ಕಪ್ಪು ಬಣ್ಣಗಳ ಪ್ರತಿ ಹೊಸ ಲಾಟಿನಿಂದಲೂ ಒಂದು ಗೇಣು ದಾರ ಕತ್ತರಿಸಿ, ಒದ್ದೆ ಮಾಡಿ, ಹಿಂಡಿದ ಬಿಳಿ ಪಂಚೆಯ ತುಂಡಿನ ಮಡಿಕೆಯೊಳಗಿಟ್ಟು, ಬಿಸಿ ಇಸ್ತ್ರಿಪೆಟ್ಟಿಗೆಯನ್ನು ಬಟ್ಟೆ ಒಣಗುವವರೆಗೆ ಒತ್ತುತ್ತೇನೆ. ಬಟ್ಟೆ ಬಿಡಿಸಿದಾಗ ದಾರದ ಗುರುತು ಬಣ್ಣದಲ್ಲಿ ಮೂಡಿದ್ದರೆ ಆ ಲಾಟು ಅದೇ ವಾರ ಹಿಂದಕ್ಕೆ ಹೋಗುತ್ತದೆ. ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ ಎನ್ನುವ ಅಂಗಡಿಯಲ್ಲಿ ನಾನು ಕಡು ಬಣ್ಣ ಕೊಳ್ಳುವುದನ್ನೇ ಬಿಟ್ಟಿದ್ದೇನೆ.

ಮೂರನೆಯದು ಉದ್ದದ ಲೆಕ್ಕ. ರೀಲಿನ ಮೇಲೆ 500 ಮೀಟರ್ ಎಂದು ಅಚ್ಚಾಗಿದ್ದರೆ ಅದನ್ನು ಬಿಚ್ಚಿ ಅಳೆಯಬೇಕಿಲ್ಲ. ಡೀನಿಯರ್ ಎಂದರೆ 9000 ಮೀಟರ್ ದಾರದ ಗ್ರಾಂ ತೂಕ. 120 ಡೀನಿಯರಿನ ಎರಡೆಳೆ ದಾರ ಒಟ್ಟು 240 ಡೀನಿಯರ್ ಆಗುವುದರಿಂದ ಒಂದು ಗ್ರಾಮಿಗೆ 37.5 ಮೀಟರ್ ಬರುತ್ತದೆ. ಅಂದರೆ 500 ಮೀಟರಿಗೆ 13 ಗ್ರಾಮಿಗಿಂತ ತುಸು ಹೆಚ್ಚು ದಾರ ಇರಬೇಕು. ಖಾಲಿ ರೀಲಿನ ತೂಕ ಗೊತ್ತಿದ್ದರೆ ತುಂಬಿದ ರೀಲನ್ನು ತೂಗಿ ಕಳೆದರಾಯಿತು. ಹತ್ತು ಗ್ರಾಂ ದಾರವಿರುವ ರೀಲಿಗೆ 500 ಮೀಟರ್ ಎಂದು ಚೀಟಿ ಅಂಟಿಸಿದ್ದನ್ನು ನಾನು ಕಂಡಿದ್ದೇನೆ. ಹತ್ತಿ ನೂಲಿನಲ್ಲಿ ಲೆಕ್ಕ ಬೇರೆ, ಅಲ್ಲಿ ನಂಬರು ಹೆಚ್ಚಾದಷ್ಟೂ ನೂಲು ಸಣ್ಣ. ನಂಬರನ್ನು ಎಳೆಗಳ ಸಂಖ್ಯೆಯಿಂದ ಭಾಗಿಸಿ 1.69ರಿಂದ ಗುಣಿಸಿದರೆ ಒಂದು ಗ್ರಾಮಿಗೆ ಎಷ್ಟು ಮೀಟರ್ ಎಂಬುದು ಸಿಗುತ್ತದೆ. 10 ನಂಬರಿನ ನಾಲ್ಕೆಳೆ ನೂಲಾದರೆ ಗ್ರಾಮಿಗೆ ಸುಮಾರು 4.2 ಮೀಟರ್, ನೂರು ಗ್ರಾಮಿನ ಉಂಡೆಗೆ 420 ಮೀಟರಿನಷ್ಟು.

ಹತ್ತಿಯನ್ನು ತೂಕದಲ್ಲಿ ಕೊಳ್ಳುವವರು ಹವೆಯನ್ನೂ ಗಮನಿಸಬೇಕು. ಹತ್ತಿ ಗಾಳಿಯ ತೇವವನ್ನು ಹೀರುತ್ತದೆ, ರೇಷ್ಮೆ ಮತ್ತು ಉಣ್ಣೆ ಅದಕ್ಕಿಂತಲೂ ಹೆಚ್ಚು ಹೀರುತ್ತವೆ, ಅಕ್ರಿಲಿಕ್ ಹೀರುವುದು ತೀರ ಕಡಿಮೆ. ಮಳೆಗಾಲದಲ್ಲಿ ಒಂದು ಕಿಲೋ ಎಂದು ತಂದ ಕೋನು ಮಾರ್ಚಿನ ಒಣ ಹವೆಯಲ್ಲಿ ಒಂದು ಕಿಲೋ ತೂಗದು. ಈ ಕಾರಣಕ್ಕಾಗಿ ನಾನು ಲಡಿಗಳನ್ನು ತೂಕದ ಬದಲು ಉದ್ದದಲ್ಲಿ ಸುತ್ತಿ ಮಾರುತ್ತೇನೆ. ಸುತ್ತಳತೆ ಸರಿಯಾಗಿ ಒಂದು ಮೀಟರ್ ಇರುವ ಮರದ ಚೌಕಟ್ಟನ್ನು ಬಡಗಿಯಿಂದ ಮಾಡಿಸಿಕೊಂಡಿದ್ದೇನೆ. ಐವತ್ತು ಸುತ್ತು ಸುತ್ತಿದರೆ ಐವತ್ತು ಮೀಟರ್.

ಬೆಲೆ

ಕಲ್ಪನೆಗೆ ಒಂದು ಲೆಕ್ಕ ಹಾಕೋಣ. ಒಂದು ಕಿಲೋ ಹತ್ತಿ ಕೋನಿಗೆ 500 ರೂಪಾಯಿ, ಸಾಗಣೆಗೆ 30 ಎಂದಿಟ್ಟುಕೊಳ್ಳಿ. ಐವತ್ತು ಗ್ರಾಮಿನಷ್ಟು ತೂಗುವ ಉದ್ದಕ್ಕೆ ಸುತ್ತಿದ ಲಡಿಗಳು ಕಾಗದದ ಮೇಲೆ ಇಪ್ಪತ್ತಾಗಬೇಕು, ಆದರೆ ಗಂಟು, ತುಂಡು, ಕೋನಿನ ತಳದ ಸಿಕ್ಕು ಕಳೆದರೆ ಹತ್ತೊಂಬತ್ತೇ ಆಗುತ್ತವೆ. ಅಲ್ಲಿಗೆ ಒಂದಕ್ಕೆ 28 ರೂಪಾಯಿ ಅಸಲು, ಚೀಟಿ ಮತ್ತು ಕವರಿಗೆ 2, ಸುತ್ತಿದ ಕೈಗೆ 3, ಒಟ್ಟು 33. ಇದನ್ನು 45ಕ್ಕೆ ಮಾರಿದರೆ ಉಳಿಯುವುದು 12. ಹೊಸಬರು ಮಾಡುವ ತಪ್ಪೆಂದರೆ ಆ ಮೂರು ರೂಪಾಯಿಯನ್ನು ಬಿಟ್ಟುಬಿಡುವುದು, ‘ನಾನೇ ತಾನೇ ಸುತ್ತುವುದು’ ಎಂದು. ಮುಂದೆ ವ್ಯಾಪಾರ ಬೆಳೆದು ಪಕ್ಕದ ಮನೆಯ ಹುಡುಗಿಗೆ ಸುತ್ತಲು ಕೊಟ್ಟ ದಿನ ಆ ಹಣ ಎಲ್ಲಿಂದ ಬರಬೇಕು? ರೀಲಿನ ದಾರಕ್ಕೆ ಇಷ್ಟು ಲೆಕ್ಕ ಬೇಡ. ಊರಿನ ಫ್ಯಾನ್ಸಿ ಅಂಗಡಿಯ ಬೆಲೆಗಿಂತ ಒಂದು ರೂಪಾಯಿ ಕಡಿಮೆ ಇಟ್ಟು, ಡಜನ್ ಕೊಂಡವರಿಗೆ ಇನ್ನಷ್ಟು ಇಳಿಸಿದರೆ ಸಾಕು.

ಉದ್ದರಿಯ ವಿಷಯದಲ್ಲಿ ಗಟ್ಟಿಯಾಗಿರಬೇಕು, ಆದರೆ ಕಟುವಾಗಿ ಅಲ್ಲ. ಕುಚ್ಚಿನ ಹೆಂಗಸರಿಗೆ ಸೀರೆ ಅಂಗಡಿಯವರು ಕೂಲಿ ಕೊಡುವುದೇ ತಡವಾಗಿ, ಹಾಗಾಗಿ ಅವರು ನಮ್ಮಲ್ಲಿ ಉದ್ದರಿ ಕೇಳುತ್ತಾರೆ. ನಾನು ಇಟ್ಟುಕೊಂಡಿರುವ ಕ್ರಮ ಒಂದೇ: ಹಿಂದಿನ ಬಿಲ್ಲು ತೀರುವವರೆಗೆ ಮುಂದಿನದು ನಗದು. ಇದನ್ನು ಮೊದಲ ದಿನವೇ ಹೇಳಿದ್ದರಿಂದ ಯಾರೂ ಬೇಸರಪಟ್ಟಿಲ್ಲ.

ಕಾಗದಪತ್ರ

ಸಣ್ಣ ಉದ್ಯಮಗಳಿಗಿರುವ ಉದ್ಯಮ್ ನೋಂದಣಿಯನ್ನು ಸರ್ಕಾರದ ಪೋರ್ಟಲಿನಲ್ಲಿ ಆಧಾರ್ ಸಂಖ್ಯೆಯಿಂದ ಉಚಿತವಾಗಿ ಮಾಡಿಕೊಳ್ಳಬಹುದು, ಅದಕ್ಕೆ ಹಣ ಕೇಳುವವರನ್ನು ದೂರವಿಡಿ. ಮಳಿಗೆ ತೆರೆಯುವುದಾದರೆ ನಗರಸಭೆಯ ಉದ್ಯಮ ಪರವಾನಗಿಯನ್ನೂ ವಿಚಾರಿಸಬೇಕು. ಕೈಯಲ್ಲಿ ಹಣವೇ ಇಲ್ಲದಿದ್ದರೆ ಬ್ಯಾಂಕಿನಲ್ಲಿ ಮುದ್ರಾ ಯೋಜನೆಯ ಶಿಶು ಸಾಲವನ್ನು ಕೇಳಬಹುದು; ಅದರ ಮಿತಿ 50,000 ರೂಪಾಯಿ, ಅಡಮಾನ ಬೇಡ. ಸರಕು ಮಾರುವವರಿಗೆ ವರ್ಷದ ವಹಿವಾಟು 40 ಲಕ್ಷ ರೂಪಾಯಿ ದಾಟುವವರೆಗೆ ರಾಜ್ಯದೊಳಗಿನ ಮಾರಾಟಕ್ಕೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ಆದರೆ ನಮ್ಮ ಜಿಲ್ಲೆಯವರು ಒಂದು ವಿಷಯ ಮರೆಯಬಾರದು: ಗೌರಿಬಿದನೂರಿನಿಂದ ಹಿಂದೂಪುರ ಕೂಗಳತೆಯಲ್ಲಿದ್ದರೂ ಅದು ಆಂಧ್ರ, ಅಲ್ಲಿಗೆ ಪಾರ್ಸಲ್ ಕಳಿಸಿ ಮಾರುವುದು ಹೊರರಾಜ್ಯದ ಮಾರಾಟ, ಅದಕ್ಕೆ ವಹಿವಾಟು ಎಷ್ಟೇ ಸಣ್ಣದಿದ್ದರೂ ನೋಂದಣಿ ಬೇಕು. ನೋಂದಣಿಯಿಲ್ಲದವರು ಬಿಲ್ಲಿನಲ್ಲಿ ಜಿಎಸ್‌ಟಿ ಎಂದು ಹಾಕಿ ವಸೂಲು ಮಾಡುವಂತಿಲ್ಲ. ಖರೀದಿಯಲ್ಲಿ ಕೊಟ್ಟ ತೆರಿಗೆಯನ್ನು ಅಸಲಿಗೆ ಸೇರಿಸಿಕೊಳ್ಳಬೇಕು. ದಾರವನ್ನು ಮೊದಲೇ ಪೊಟ್ಟಣ ಕಟ್ಟಿ ಮಾರುವುದಾದರೆ ಅದರ ಮೇಲೆ ನಿಮ್ಮ ಹೆಸರು, ವಿಳಾಸ, ನಿವ್ವಳ ಪ್ರಮಾಣ, ತಯಾರಾದ ತಿಂಗಳು ಮತ್ತು ವರ್ಷ, ಗರಿಷ್ಠ ಮಾರಾಟ ಬೆಲೆ, ದೂರಿಗೆ ಸಂಪರ್ಕ ಇರಬೇಕು. ತೂಗಿ ಮಾರುವ ಯಂತ್ರಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು.

ಮಾರುವುದು

ವಾಟ್ಸ್ಆ್ಯಪ್‌ನಲ್ಲಿ ಸೀರೆಯ ಫೋಟೋ ಕಳಿಸಿ ‘ಇದಕ್ಕೆ ಹೊಂದುವ ದಾರ ಕೊಡಿ’ ಎಂದು ಕೇಳುವವರು ದಿನಕ್ಕೆ ನಾಲ್ವರಾದರೂ ಇರುತ್ತಾರೆ. ಫೋಟೋ ನಂಬಿ ದಾರ ಕಳಿಸಬೇಡಿ. ರಾತ್ರಿ ಬಲ್ಬಿನ ಬೆಳಕಿನಲ್ಲಿ ತೆಗೆದ ಮರೂನ್ ಬೆಳಿಗ್ಗೆ ಕಂದು ಆಗಿರುತ್ತದೆ. ಸೆರಗಿನ ತುದಿಯಲ್ಲಿ ನೇಯದೆ ಬಿಟ್ಟಿರುವ ಎಳೆಗಳಿಂದ ಎರಡನ್ನು ಕತ್ತರಿಸಿ ಚೀಟಿಗೆ ಅಂಟಿಸಿ ಕಳಿಸಲು ಹೇಳಿ, ಅಥವಾ ಖಾಯಂ ಗಿರಾಕಿಗಳಿಗೆ ನಿಮ್ಮ 24 ಬಣ್ಣಗಳ ಎಳೆ ಅಂಟಿಸಿದ ಸಣ್ಣ ರಟ್ಟನ್ನು ಕೊಟ್ಟುಬಿಡಿ. ಅಂಥ ರಟ್ಟು ಮಾಡಲು ಒಂದು ಸಂಜೆ ಸಾಕು. ಆಮೇಲೆ ‘ಹನ್ನೊಂದನೇ ನಂಬರು ಎರಡು, ಮೂರನೇ ನಂಬರು ನಾಲ್ಕು’ ಎಂಬ ಒಂದು ಸಾಲಿನ ಸಂದೇಶದಲ್ಲೇ ವ್ಯಾಪಾರ ಮುಗಿಯುತ್ತದೆ. ನಿಮ್ಮ ದಾರದ ಫೋಟೋ ತೆಗೆಯುವಾಗ ಬೆಳಗಿನ ನೆರಳಿನಲ್ಲಿ ಬಿಳಿ ಕಾಗದದ ಮೇಲಿಟ್ಟು ತೆಗೆಯಿರಿ.

ಸ್ತ್ರೀಶಕ್ತಿ ಸಂಘಗಳ ಸಭೆಗೆ ಒಮ್ಮೆ ಡಬ್ಬಿ ಹಿಡಿದು ಹೋದರೆ ಒಂದು ತಿಂಗಳ ಜಾಹೀರಾತಿಗೆ ಸಮ. ಸೀರೆ ಅಂಗಡಿ ಮತ್ತು ದರ್ಜಿಗಳ ಬಳಿ ರಟ್ಟನ್ನು ಇಟ್ಟುಬನ್ನಿ, ಸರಕನ್ನು ಇಡಬೇಡಿ. ಮಾರಿದ ಮೇಲೆ ಹಣ ಕೊಡುತ್ತೇನೆಂದು ಇಟ್ಟುಕೊಂಡ ಸರಕು ಬಿಸಿಲಿಗೆ ಬಣ್ಣ ಮಾಸಿ ಹಿಂದಿರುಗುತ್ತದೆ.

ವರ್ಷದ ಏರಿಳಿತಕ್ಕೆ ತಕ್ಕಂತೆ ಖರೀದಿ ಇರಲಿ. ಮದುವೆಯ ತಿಂಗಳುಗಳಲ್ಲಿ ಹಾಗೂ ವರಮಹಾಲಕ್ಷ್ಮಿ ಹಬ್ಬದ ಹಿಂದಿನ ಮೂರು ವಾರಗಳಲ್ಲಿ ಕುಚ್ಚಿನ ದಾರಕ್ಕೆ ಬಿಡುವಿಲ್ಲ. ಆಷಾಢ, ಪಿತೃಪಕ್ಷ, ಧನುರ್ಮಾಸದಲ್ಲಿ ಕೈ ಖಾಲಿ. ನಂದಿಬೆಟ್ಟದ ಕಡೆಯಿಂದ ಚಳಿಗಾಳಿ ಬೀಸುವ ಡಿಸೆಂಬರ್, ಜನವರಿಯಲ್ಲಿ ಟೋಪಿಗೆ ಉಲ್ಲನ್ ಕೇಳುತ್ತಾರೆ, ಅದನ್ನು ಅಕ್ಟೋಬರಿನಲ್ಲೇ ತಂದಿಟ್ಟುಕೊಳ್ಳಬೇಕು. ದಾರವನ್ನು ಬಿಸಿಲು, ಇಲಿ, ತೇವ ತಾಗದಂತೆ ಮುಚ್ಚಳದ ಡಬ್ಬಿಯಲ್ಲಿಡುವುದನ್ನು ಹೇಳಬೇಕಾಗಿಲ್ಲ. ನಿಜವಾದ ಉಣ್ಣೆ ತಂದರೆ ಮಾತ್ರ ನುಸಿಯ ಕಾಟ ನೆನಪಿರಲಿ. ಅಕ್ರಿಲಿಕ್ಕನ್ನು ನುಸಿ ಮುಟ್ಟುವುದಿಲ್ಲ.

ಆಷಾಢದ ಬಿಡುವಿನಲ್ಲಿ ಡಬ್ಬಿಗಳನ್ನೆಲ್ಲ ನೆಲಕ್ಕೆ ಸುರಿದು ಲೆಕ್ಕ ಮಾಡಿ. ಆರು ತಿಂಗಳಿಂದ ಒಂದು ರೀಲೂ ಕದಲದ ಬಣ್ಣವನ್ನು ಮತ್ತೆ ತರಬೇಡಿ, ಇರುವುದನ್ನು ಅಸಲಿಗಾದರೂ ಕಳೆಯಿರಿ. ನನ್ನ ತಿಳಿನೇರಳೆಯೂ ಬೂದಿಯೂ ಪಾಚಿಯೂ ಕೊನೆಗೆ ಹೋದದ್ದು ಶಾಲೆಯ ಮಕ್ಕಳಿಗೆ. ಆರು ಬಣ್ಣಗಳಲ್ಲಿ ಐದೈದು ಮೀಟರ್ ಸುತ್ತಿದ ರಟ್ಟಿನ ತುಂಡುಗಳನ್ನು ಒಂದು ಪೊಟ್ಟಣದಲ್ಲಿಟ್ಟು, ಜೂನಿನಲ್ಲಿ ಶಾಲೆ ಆರಂಭವಾದ ಮೇಲೆ ಹತ್ತು ರೂಪಾಯಿಯಂತೆ ಎರಡು ಪುಸ್ತಕದಂಗಡಿಗಳಿಗೆ ಕೊಟ್ಟೆ. ಆ ಹಣದಲ್ಲಿ ಚಿನ್ನದ ಬಣ್ಣದ ಮೂರು ಡಬ್ಬಿ ಬಂದವು.